ಪೊಟ್ಟಣ ಕಟ್ಟುವ ಕಸುಬು

ನನ್ನ ಉದ್ಯೋಗವೇನೆಂದು ಯಾರಾದರೂ ಕೇಳಿದರೆ ನನಗೆ ಕೊಂಚ ಗಾಬರಿ. ಒಮ್ಮೆ ಮದುವೆಮನೆಯೊಂದರಲ್ಲಿ ನಮ್ಮ ಸೋದರತ್ತೆ ಪಂಕ್ತಿಯ ನಡುವೆಯೇ ಕೇಳಿಬಿಟ್ಟರು: "ಅಲ್ಲಪ್ಪಾ, ಆ ಬೆಂಗಳೂರಿನಲ್ಲಿ ಕೂತು ನೀನು ಮಾಡುವುದಾದರೂ ಏನು?" "ಪೊಟ್ಟಣ ಕಟ್ಟುತ್ತೇನೆ, ಅತ್ತೆ" ಎಂದೆ. ಅವರು ಎಲೆಯ ಮೇಲಿನ ಹೋಳಿಗೆಯನ್ನು ಮರೆತು ನನ್ನನ್ನೇ ನೋಡಿದರು. ಇಂಜಿನಿಯರಿಂಗ್ ಓದಿಸಿದ ಅಣ್ಣನ ಹಣವೆಲ್ಲ ಶೆಟ್ಟರ ಅಂಗಡಿಯ ಪಾಲಾಯಿತಲ್ಲ ಎಂಬ ಸಂತಾಪ ಆ ನೋಟದಲ್ಲಿತ್ತು.

ನಾನು ಹೇಳಿದ್ದೇನೂ ಸುಳ್ಳಲ್ಲ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶವೊಂದುಂಟು. ಖಾತೆ, ರಶೀದಿ, ಲೆಕ್ಕಪತ್ರಗಳನ್ನು ಜೋಪಾನವಾಗಿಟ್ಟುಕೊಂಡು ಕೇಳಿದ ಕ್ಷಣ ತೆಗೆದುಕೊಡುವುದು ಅದರ ಕೆಲಸ. ಅದನ್ನು ಬರೆಯುವವರು ಲೋಕದ ನಾನಾ ಕಡೆ ಇದ್ದಾರೆ. ಬರೆದದ್ದನ್ನು ಕೇಳಿದವರಿಗೆಲ್ಲ ಧರ್ಮಾರ್ಥವಾಗಿ ಕೊಡುತ್ತಾರೆ. ಯಾವ ಕಡತ ಎಲ್ಲಿ ಕೂರಬೇಕು, ಅದು ಯಾರ ವಶದಲ್ಲಿರಬೇಕು, ಅದಕ್ಕೂ ಮೊದಲು ಇನ್ನೇನೇನು ಇರಬೇಕು ಎಂಬುದನ್ನೆಲ್ಲ ಸ್ಪೆಕ್ ಎಂಬ ಕಡತದಲ್ಲಿ ಬರೆದು, ಮುದ್ರೆಯೊತ್ತಿ, ಆರ್‌ಪಿಎಂ ಎಂಬ ಪೊಟ್ಟಣ ಮಾಡುವವರು ನಮ್ಮಂಥವರು.

ನಾವು ಕಟ್ಟುವುದು ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ ನಡೆಯುವ ಸರ್ವರುಗಳಿಗೆ. ಅದನ್ನು ಕೊಳ್ಳುವವರು ಹಣ ತೆರುವುದು ಹೊಸತಿಗಲ್ಲ. ಹಳೆಯದು ಹಾಗೆಯೇ ಇರಲಿ ಎಂಬುದಕ್ಕೆ. 2014ರ ಜೂನ್‌ನಲ್ಲಿ ಬಂದ ಅದರ 7ನೆಯ ಆವೃತ್ತಿಯೊಡನೆ ಪೋಸ್ಟ್‌ಗ್ರೆಸ್ 9.2 ಬಂದಿತ್ತು. ಪೋಸ್ಟ್‌ಗ್ರೆಸ್ ಬರೆಯುವವರಾದರೋ ವರ್ಷಕ್ಕೊಂದು ಆವೃತ್ತಿ ಹೆತ್ತು, ಒಂದೊಂದನ್ನೂ ಐದು ವರ್ಷ ಸಾಕಿ, ಆಮೇಲೆ ಕೈಬಿಡುವವರು. 9.2ರ ಕೊನೆಯ ತಿದ್ದುಪಡಿ 9.2.24, ಅದು ಬಂದದ್ದು 2017ರ ನವೆಂಬರಿನಲ್ಲಿ. ರೆಡ್ ಹ್ಯಾಟ್ ಕೊಟ್ಟ ಮಾತಿನ ಅವಧಿ ಮಾತ್ರ 2024ರ ಜೂನ್‌ವರೆಗೆ. ನಡುವಣ ಆರೂವರೆ ವರ್ಷ, ಹೊಸ ಆವೃತ್ತಿಗಳಲ್ಲಿ ಕಂಡ ಗುರುತರ ದೋಷಗಳ ಮದ್ದನ್ನು ಹಳೆಯದಕ್ಕೆ ಹೊಂದುವಂತೆ ಕತ್ತರಿಸಿ ತೇಪೆ ಹಾಕುವ ಭಾರ ಪೊಟ್ಟಣಗಾರರ ಮೇಲೆ ಬಿತ್ತು. ತೇಪೆ ಹಾಕಿದರೂ ಹೆಸರು 9.2.24 ಎಂದೇ; ಅದರ ಮುಂದೆ ಒಂದು ಅಡ್ಡಗೆರೆ, ಗೆರೆಯ ಆಚೆಗಿನ ಚಿಕ್ಕ ಅಂಕಿ ಮಾತ್ರ ಏರುತ್ತದೆ. ಭದ್ರತೆಯ ತಪಾಸಣೆಗೆ ಬರುವ ಮಹಾಶಯರು ಗೆರೆಯ ಈಚೆಗಷ್ಟೇ ನೋಡಿ, "ಇಷ್ಟು ಹಳೆಯದೇ!" ಎಂದು ವರದಿ ಬರೆದು ಹೋಗುತ್ತಿದ್ದರು. ಅವರಿಗೆ ಆ ಚಿಕ್ಕ ಅಂಕಿಯ ಮಹಿಮೆಯನ್ನು ತಿಳಿಯಹೇಳುವುದರಲ್ಲಿ ನನ್ನ ಆಯುಷ್ಯದ ಎಷ್ಟು ಮಧ್ಯಾಹ್ನಗಳು ಕಳೆದವೋ! ಕಛೇರಿಯಲ್ಲಿ ನಾನು ಅವರನ್ನು ಆಡಿಕೊಂಡು ನಕ್ಕದ್ದೂ ಉಂಟು.

ಹಳೆಯ ಲಿನಕ್ಸಿನ ಮೇಲೆ ಹೊಸ ಪೋಸ್ಟ್‌ಗ್ರೆಸ್ ಬೇಕೆನ್ನುವವರಿಗೆ ನಾವು ಬೇರೆ ಪೊಟ್ಟಣ ಕಟ್ಟುತ್ತೇವೆ. 2021ರಲ್ಲಿ ಮಲೆನಾಡಿನ ಒಂದು ಸಹಕಾರ ಸಂಘ (ಹೆಸರು ಬೇಡ) ಹೊಸ ಯಂತ್ರ ಕೊಂಡಿತು. ಹಳೆಯದರಲ್ಲಿ 7ನೆಯ ಲಿನಕ್ಸ್, ಹೊಸದರಲ್ಲಿ 8ನೆಯದು. ಎರಡಕ್ಕೂ ಪೋಸ್ಟ್‌ಗ್ರೆಸ್ 11ರ ಪೊಟ್ಟಣ ಕಟ್ಟಿದವನು ನಾನೇ. ಅಲ್ಲಿನ ಗುಮಾಸ್ತರು ಫೋನ್ ಮಾಡಿ, "ಹಳೆಯ ದಾಖಲೆಗಳ ಡಿಸ್ಕನ್ನು ಹಾಗೆಯೇ ಹೊಸ ಯಂತ್ರಕ್ಕೆ ಹಾಕಬಹುದೇ, ಸಾರ್?" ಎಂದು ಕೇಳಿದರು. "ಧಾರಾಳವಾಗಿ ಹಾಕಿ. ಎರಡು ಕಡೆಯೂ ಒಂದೇ ಆವೃತ್ತಿಯಲ್ಲವೇ?" ಎಂದೆ. ಕಾಫಿ ಕುಡಿಯುತ್ತ ಆಡಿದ ಮಾತು.

ಎಂಟು ದಿನದ ಮೇಲೆ ಮತ್ತೆ ಫೋನ್ ಬಂತು. ಸಂಘದ ಮೊಟ್ಟಮೊದಲ ಸದಸ್ಯರು, ಷೇರು ಸಂಖ್ಯೆ 1-1, ಎಂಬತ್ತು ದಾಟಿದ ಹಿರಿಯರು, ಠೇವಣಿಯ ಬಡ್ಡಿ ಕೇಳಲು ಬಂದಿದ್ದರಂತೆ. ಯಂತ್ರ "ಅಂಥ ಸದಸ್ಯರಿಲ್ಲ" ಎಂದಿತು. "ಈ ಸಂಘ ಕಟ್ಟಿದವನೇ ನಾನು ಕಣಯ್ಯಾ" ಎಂದರಂತೆ ಅವರು. ಗುಮಾಸ್ತರು ನಾಚಿ, ಅದೇ 1-1 ಸಂಖ್ಯೆಯಲ್ಲಿ ಅವರನ್ನು ಹೊಸದಾಗಿ ಸೇರಿಸಿಕೊಂಡರು. ಒಂದು ಸಂಖ್ಯೆ ಎರಡು ಸಲ ಬರಕೂಡದೆಂಬ ಕಟ್ಟಳೆಯಿದ್ದರೂ ಯಂತ್ರ ತಕರಾರಿಲ್ಲದೆ ಒಪ್ಪಿತು. ಈಗ ಮೊದಲ ಸದಸ್ಯರು ಇಬ್ಬರು: ಒಬ್ಬರಿಗೆ ಠೇವಣಿ ಉಂಟು, ಒಬ್ಬರಿಗೆ ಇಲ್ಲ!

ರಾತ್ರಿಯೆಲ್ಲ ಕೂತ ಮೇಲೆ ಕಾರಣ ಹೊಳೆಯಿತು. ಅಕ್ಷರ ಅಂಕಿಗಳಲ್ಲಿ ಯಾವುದು ಮುಂದು, ಯಾವುದು ಹಿಂದು ಎಂಬುದನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಲಿನಕ್ಸಿನ ಜಿಲಿಬ್‌ಸಿ ಎಂಬ ಭಾಗವನ್ನು ಕೇಳಿ ತಿಳಿಯುತ್ತದೆ. 7ನೆಯ ಲಿನಕ್ಸಿನಲ್ಲಿದ್ದುದು ಜಿಲಿಬ್‌ಸಿ 2.17, 8ನೆಯದರಲ್ಲಿ 2018ರಲ್ಲಿ ಹೊರಬಂದ 2.28. ಈ ಹೊಸದು ಅಂತರರಾಷ್ಟ್ರೀಯ ಮಾನಕವನ್ನು ಅನುಸರಿಸಿ ಕ್ರಮವನ್ನೇ ಬದಲಿಸಿತ್ತು. ಹಿಂದಿನದು ಮೊದಲ ನೋಟದಲ್ಲಿ ಅಡ್ಡಗೆರೆಯನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. 11 ಮೊದಲು, 1-1 ಆಮೇಲೆ. ಈಗ 1-1 ಮೊದಲು. ಸೂಚಿ ಕಟ್ಟಿದ್ದು ಹಳೆಯ ಕ್ರಮದಲ್ಲಿ, ಹುಡುಕಿದ್ದು ಹೊಸ ಕ್ರಮದಲ್ಲಿ. ನಿಘಂಟು ಜೋಡಿಸಿದವರು 'ಅಂಗಡಿ'ಯನ್ನು ಅಕಾರದ ಕೊನೆಯಲ್ಲಿಟ್ಟಿರಲು, ನಾವು ಮೊದಲ ಪುಟದಲ್ಲಿ ಹುಡುಕಿ ಇಲ್ಲವೆಂದಂತೆ. ಪುಸ್ತಕದಿಂದ ಒಂದು ಪದವೂ ಕಳೆದಿರಲಿಲ್ಲ.

ತಪಾಸಣೆಯವರನ್ನು ಅಡ್ಡಗೆರೆಯ ವಿಷಯದಲ್ಲಿ ನಕ್ಕವನು ಅಡ್ಡಗೆರೆಯಲ್ಲೇ ಎಡವಿದ್ದೆ. ಪೊಟ್ಟಣದ ಒಳಗೇನಿದೆ ಎಂಬುದಷ್ಟೇ ನನ್ನ ಹೊಣೆ, ಅದು ಕೂರುವ ಮಣೆ ನನ್ನದಲ್ಲ ಎಂದು ತಿಳಿದಿದ್ದೆನಲ್ಲ! ಸೂಚಿ ಕೆಟ್ಟಿದೆಯೇ ಎಂದು ನೋಡಿ ಹೇಳುವ ಆಮ್‌ಚೆಕ್ ಎಂಬ ಉಪಕರಣವನ್ನೂ ನಾನೇ ಇನ್ನೊಂದು ಪೊಟ್ಟಣದಲ್ಲಿ ಕಟ್ಟಿದ್ದೆ. ಬಿಚ್ಚಿ ನೋಡಿ ಎಂದು ಹೇಳಿರಲಿಲ್ಲ. 2022ರಲ್ಲಿ ಬಂದ ಪೋಸ್ಟ್‌ಗ್ರೆಸ್ 15 ಕ್ರಮ ಬದಲಾದರೆ ತಾನೇ ಎಚ್ಚರಿಸುತ್ತದೆ. ಆಗ ಆ ಅನುಕೂಲವಿರಲಿಲ್ಲ.

ಸೂಚಿಯನ್ನು ಹೊಸದಾಗಿ ಕಟ್ಟಿದರೆ ಮುಗಿಯಿತೆಂದುಕೊಂಡೆ. ಜೋಡಿ ಸಂಖ್ಯೆಗಳಿರುವತನಕ ಅದು ಕಟ್ಟಿಸಿಕೊಳ್ಳಲೊಲ್ಲದು. ಗುಮಾಸ್ತರೂ ನಾನೂ ಎರಡು ದಿನ ರಶೀದಿ ಪುಸ್ತಕ ಹಿಡಿದು ಒಂದೊಂದೇ ಜೋಡಿಯನ್ನು ಬಿಡಿಸಿದೆವು.

ಆ ಹಿರಿಯರಿಗೆ ನಾನೇ ಫೋನ್ ಮಾಡಿ ತಪ್ಪಾಯಿತೆಂದೆ. ಅವರು ಸಾವಧಾನವಾಗಿ ಕೇಳಿ, "ಇಬ್ಬರಲ್ಲಿ ಯಾರನ್ನು ತೆಗೆಯುತ್ತೀರಿ?" ಎಂದರು.

"ಠೇವಣಿ ಇಲ್ಲದವರನ್ನು, ಸ್ವಾಮಿ."

"ಹಾಗಾದರೆ ಅಡ್ಡಿಯಿಲ್ಲ" ಎಂದು ಫೋನ್ ಇಟ್ಟರು.