ಯುಗಾದಿಗೆ ಕಡಲೆಕಾಳಿನಷ್ಟಿದ್ದ ಗಂಟು

ದನದ ಆಸ್ಪತ್ರೆ ಬಾಗಿಲು ತೆಗೆದು ಅರ್ಧ ಗಂಟೆಯೂ ಆಗಿಲ್ಲ, ಜಗಲಿಯ ಬೆಂಚು ಆಗಲೇ ಭರ್ತಿ. ಅಂಗಳದ ಕಬ್ಬಿಣದ ಚೌಕಟ್ಟಿನೊಳಗೆ ಕಪ್ಪುಬಿಳುಪಿನ ಸೀಮೆಹಸುವೊಂದು ಬಾಲ ಬೀಸುತ್ತ ನಿಂತಿದೆ. ಸಗಣಿ, ಫಿನಾಯಿಲ್ ಎರಡರ ವಾಸನೆಯೂ ಮೂಗಿಗೆ ಒಟ್ಟಿಗೇ ಬಡಿಯುತ್ತದೆ. ನಿಮ್ಮ ಪಕ್ಕ ಕೂತ ಅಜ್ಜಿಯ ಮಡಿಲಲ್ಲಿ ಹಳೇ ಟವೆಲ್ ಸುತ್ತಿದ ಬಿಳಿ ಪಾಮೇರಿಯನ್. ಹೆಸರು ಜೂಲಿ, ವಯಸ್ಸು ಒಂಬತ್ತು.

“ಹೊಟ್ಟೆ ಕೆಳಗೆ ಸಣ್ಣದೊಂದು ಗಂಟಪ್ಪ. ಯುಗಾದಿ ಹೊತ್ತಿಗೆ ಕಡಲೆಕಾಳಿನಷ್ಟಿತ್ತು. ನೋವಿಲ್ಲ, ಊಟ ಬಿಟ್ಟಿಲ್ಲ. ನೋಡೋಣ ಅಂತ ಸುಮ್ಮನಿದ್ವಿ.”

ಈಗ ಗೌರಿ ಹಬ್ಬ ಕಳೆದಿದೆ.

ಚೀಟಿ ಕೂಗುತ್ತಾರೆ. ಅಜ್ಜಿಯ ಹಿಂದೆಯೇ ಒಳಗೆ ಹೋಗಿ. ಕಾಂಪೌಂಡರ್ ಬ್ಯಾಂಡೇಜು ಬಟ್ಟೆಯಿಂದ ಜೂಲಿಯ ಮೂತಿಗೊಂದು ಸುತ್ತು ಹಾಕಿ ಕಿವಿಯ ಹಿಂದೆ ಗಂಟು ಬಿಗಿಯುತ್ತಾರೆ. ಡಾಕ್ಟರಮ್ಮ ಗಂಟಿನ ಕಡೆ ಮೊದಲು ಕೈ ಹಾಕುವುದಿಲ್ಲ. ದವಡೆಯ ಕೆಳಗೆ ಎರಡೂ ಕೈ ಇಟ್ಟು ಒತ್ತುತ್ತಾರೆ. ಆಮೇಲೆ ಭುಜದ ಮುಂಭಾಗ, ಕಂಕುಳು, ತೊಡೆಸಂದು, ಮಂಡಿಯ ಹಿಂದೆ. ದುಗ್ಧಗ್ರಂಥಿಗಳು ಕೈಗೆ ಸಿಗುವ ಜಾಗಗಳಿವು. ಎಲ್ಲಾದರೂ ಊದಿದ್ದರೆ ಇಲ್ಲೇ ಗೊತ್ತಾಗುತ್ತದೆ. ಜೂಲಿಗೆ ಇದೆಲ್ಲ ಮುದ್ದು ಮಾಡಿದ ಹಾಗೇ ಇರಬೇಕು, ಬಾಲ ಆಡಿಸುತ್ತಿದೆ.

ಅಂಗಾತ ಮಲಗಿಸಿದ ಮೇಲೆ ಕೈ ನಿಧಾನವಾಗುತ್ತದೆ. ಹೆಣ್ಣುನಾಯಿಗೆ ಸಾಮಾನ್ಯವಾಗಿ ಐದು ಜೊತೆ ಮೊಲೆ. ಡಾಕ್ಟರಮ್ಮ ಎದೆಯಿಂದ ಹಿಡಿದು ಒಂದೊಂದನ್ನೇ ಹೆಬ್ಬೆರಳು ತೋರುಬೆರಳಿನ ನಡುವೆ ಹೊರಳಿಸುತ್ತ ಕೆಳಗೆ ಬರುತ್ತಾರೆ. ಗಂಟು ಇರುವುದು ಕೊನೆಯ ಜೊತೆಯಲ್ಲಿ, ಎಡಕ್ಕೆ. ಹೆಚ್ಚಿನ ಗಂಟುಗಳು ಕೊನೆಯ ಎರಡು ಜೊತೆಯಲ್ಲೇ ಬರುವುದು. ಸ್ಕೇಲು ಇಟ್ಟು ಅಳೆಯುತ್ತಾರೆ: ಎರಡೂವರೆ ಸೆಂಟಿಮೀಟರ್. ಅದೇ ಸಾಲಿನಲ್ಲಿ ಸ್ವಲ್ಪ ಮೇಲೆ ಬೆರಳು ಮತ್ತೆ ನಿಲ್ಲುತ್ತದೆ.

“ಅಜ್ಜಿ, ನಿಮ್ಮ ಕೈ ಕೊಡಿ ಇಲ್ಲಿ. ಸಿಕ್ತಾ?”

ಅಜ್ಜಿಯ ಬೆರಳು ಕೂದಲೊಳಗೆ ತಡಕಾಡಿ ನಿಲ್ಲುತ್ತದೆ. ಮುಖ ಬಾಡುತ್ತದೆ. “ಇದೊಂದು ಇತ್ತೇನಮ್ಮ? ದಿನಾ ಬಾಚ್ತೀನಿ, ಗೊತ್ತೇ ಆಗಿಲ್ಲ.”

ಬಾಚುವ ಕೈ ಬೆನ್ನು ಸವರುತ್ತದೆ, ಹೊಟ್ಟೆಯ ಅಡಿಗೆ ಹೋಗುವುದಿಲ್ಲ. ಹೋದರೂ ಏನನ್ನೂ ಹುಡುಕುತ್ತಿರುವುದಿಲ್ಲ.

“ನೋವಿಲ್ಲ ಅಂದ್ರೆ ಒಳ್ಳೇದೇ ಅಲ್ವೇನಮ್ಮ?”

“ಶುರುವಿನಲ್ಲಿ ನೋವು ಇರೋದೇ ಇಲ್ಲ ಅಜ್ಜಿ. ಅದು ಬರೋ ತನಕ ಕಾಯಬಾರದು. ಮೂರು ಸೆಂಟಿಮೀಟರ್ ಒಳಗೆ ಬಂದಿದ್ದೀರಿ, ಅಷ್ಟು ವಾಸಿ.”

ಮೂರರೊಳಗೆ, ಮೂರರಿಂದ ಐದು, ಐದರ ಮೇಲೆ: ನಾಯಿಯ ಮೊಲೆಗಂಟನ್ನು ಗಾತ್ರದ ಮೇಲೆ ವಿಂಗಡಿಸುವುದು ಹೀಗೆ. ಬೆಕ್ಕಿಗೆ ಲೆಕ್ಕ ಇನ್ನೂ ಬಿಗಿ, ಎರಡು ಸೆಂಟಿಮೀಟರ್ ದಾಟಿದರೆ ಕಷ್ಟ. ಬೆಕ್ಕಿನ ಮೊಲೆಗಂಟುಗಳಲ್ಲಿ ಹತ್ತಕ್ಕೆ ಎಂಟೊಂಬತ್ತು ಕ್ಯಾನ್ಸರೇ ಆಗಿರುತ್ತವೆ.

ಸಾಮಾನ್ಯ ಸಿರಿಂಜು, ಸಣ್ಣ ಸೂಜಿ. ಅಜ್ಜಿ ಅಡ್ಡ ಕೈ ಇಡುತ್ತಾರೆ. ಸೂಜಿ ತಾಗಿದರೆ ಗಂಟು ಕೆರಳುತ್ತದೆ, ಮೈಯೆಲ್ಲ ಹರಡುತ್ತದೆ ಎಂದು ಬೀದಿಯಲ್ಲಿ ಯಾರೋ ಹೇಳಿದ್ದಾರಂತೆ. ಮೂತ್ರಕೋಶದ ಗಂಟಿನಂಥ ಕೆಲವಕ್ಕೆ ಚುಚ್ಚಬಾರದೆಂಬುದು ನಿಜ. ಚರ್ಮದ ಕೆಳಗಿನ ಇಂಥ ಗಂಟಿಗೆ ಆ ಭಯ ಬೇಡ. ಸೂಜಿ ಒಳಹೋಗಿ ನಾಲ್ಕೈದು ಸಲ ಹಿಂದೆ ಮುಂದೆ ಆಡಿ ಈಚೆ ಬರುತ್ತದೆ. ಜೂಲಿ ಕಮಕ್ ಕಿಮಕ್ ಅನ್ನುವುದಿಲ್ಲ. ಸಿರಿಂಜಿಗೆ ಗಾಳಿ ಎಳೆದು ಗಾಜಿನ ಪಟ್ಟಿಯ ಮೇಲೆ ಪುಸ್ ಎನ್ನಿಸಿದರೆ ಒಂದು ಹನಿ. ಇನ್ನೊಂದು ಗಾಜಿನಿಂದ ಅದನ್ನು ಸವರಿ, ಗಾಳಿಯಲ್ಲಿ ಬೀಸಿ ಒಣಗಿಸಿ, ಬಣ್ಣಕ್ಕೆ ಅದ್ದುತ್ತಾರೆ. ಅಷ್ಟಕ್ಕೆ ಆರು ತಿಂಗಳು ಕಾದದ್ದು.

ಬಣ್ಣ ಹಿಡಿಯುವಷ್ಟರಲ್ಲಿ ಕಾಲೇಜು ಹುಡುಗನೊಬ್ಬ ಬೀದಿನಾಯಿಯನ್ನು ಗೋಣಿಚೀಲದಲ್ಲಿ ಹೊತ್ತು ಬರುತ್ತಾನೆ. ಹಿಂಬದಿಯಿಂದ ಹನಿಹನಿ ರಕ್ತ. “ಬೆದೆಗೆ ಬಂದಿದೆ ಅನ್ಕೊಂಡಿದ್ದೆ ಮೇಡಂ, ತಿಂಗಳಾದ್ರೂ ನಿಲ್ತಿಲ್ಲ.” ಬೆದೆಯಲ್ಲ. ಯೋನಿಯೊಳಗೆ ಕೆಂಪಗೆ, ಹೂಕೋಸಿನ ಹಾಗೆ ಬೆಳೆದ ಮಾಂಸ. ಕೂಡುವಾಗ ನಾಯಿಯಿಂದ ನಾಯಿಗೆ ದಾಟುವ ಕ್ಯಾನ್ಸರ್ ಇದು. ವೈರಸ್ಸೋ ಬ್ಯಾಕ್ಟೀರಿಯವೋ ಅಲ್ಲ, ಗೆಡ್ಡೆಯ ಜೀವಕೋಶಗಳೇ ದಾಟುತ್ತವೆ. ಏಷ್ಯಾದ ಯಾವುದೋ ಒಂದು ನಾಯಿಯಲ್ಲಿ 4,000ದಿಂದ 8,500 ವರ್ಷಗಳ ಹಿಂದೆ ಹುಟ್ಟಿದ್ದು ಎಂದು 2019ರಲ್ಲಿ ಪ್ರಕಟವಾದ ಜೀನ್ ಅಧ್ಯಯನವೊಂದು ಲೆಕ್ಕ ಹಾಕಿತು. ಆ ನಾಯಿ ಸತ್ತು ಮಣ್ಣಾಗಿದೆ, ಅದರ ಗೆಡ್ಡೆ ಈ ಮೇಜಿನ ಮೇಲಿದೆ.

ಹುಡುಗ ಹೆದರಿದ್ದಾನೆ, ಡಾಕ್ಟರಮ್ಮ ಹೆದರಿಲ್ಲ. ಇದಕ್ಕೆ ವಾರಕ್ಕೊಂದರಂತೆ ವಿನ್‌ಕ್ರಿಸ್ಟಿನ್ ಇಂಜೆಕ್ಷನ್. ಮೂರರಿಂದ ಆರು ವಾರದಲ್ಲಿ ಹೆಚ್ಚಿನ ನಾಯಿಗಳು ಪೂರ್ತಿ ಗುಣವಾಗುತ್ತವೆ. ಆ ಔಷಧಿ ಬರುವುದು ನಿತ್ಯಪುಷ್ಪದಿಂದ. ಕಿಟಕಿಯಾಚೆ ಕಾಂಪೌಂಡಿನ ಪಕ್ಕ ನೀರು ಹಾಕುವವರಿಲ್ಲದೆಯೂ ನೇರಳೆಗೆಂಪು ಹೂ ಬಿಟ್ಟು ನಿಂತಿದೆಯಲ್ಲ, ಅದೇ. ಹಾಗೆಂದು ಸೊಪ್ಪು ಅರೆದು ಕುಡಿಸಲು ಹೊರಡಬೇಡಿ. ರಕ್ತನಾಳದಿಂದ ಒಂದು ಹನಿ ಹೊರಗೆ ಸೋರಿದರೂ ಸುತ್ತಲಿನ ಮಾಂಸ ಕೊಳೆಯಿಸುವಷ್ಟು ಖಾರವಾದ ಮದ್ದು ಅದು.

ಕಾಂಪೌಂಡರ್ ನಾಯಿಯ ಮುಂಗಾಲಿನ ಕೂದಲು ಬೋಳಿಸುತ್ತ ಹಳೇ ಕಥೆ ತೆಗೆಯುತ್ತಾರೆ. ಮೊದಲೆಲ್ಲ ಇಲ್ಲಿ ಕ್ಯಾನ್ಸರ್ ಅಂದರೆ ಎತ್ತಿನ ಕೊಂಬಿನದು. ಎತ್ತು ಸುಮ್ಮಸುಮ್ಮನೆ ತಲೆ ಕೊಡವಿದರೆ, ಕೊಂಬು ಒಂದು ಕಡೆ ವಾಲಿದರೆ ರೈತ ಮಾರನೇ ದಿನವೇ ಹೊಡೆದುಕೊಂಡು ಬರುತ್ತಿದ್ದನಂತೆ. ಉಳುಮೆ ನಿಲ್ಲುತ್ತದಲ್ಲ!

ಈಗ ಸೂಕ್ಷ್ಮದರ್ಶಕಕ್ಕೆ ಕಣ್ಣಿಡಿ. ನೇರಳೆ ಬಣ್ಣದ ಕೋಶಗಳ ಗೊಂಚಲು. ಒಂದರ ನ್ಯೂಕ್ಲಿಯಸ್ ಪಕ್ಕದ್ದರ ಎರಡರಷ್ಟು ದೊಡ್ಡದು.

“ಕೀವಿನ ಕೋಶ ಇಲ್ಲ, ಅಂದ್ರೆ ಬಾವು ಅಲ್ಲ. ಗೆಡ್ಡೇನೇ. ಆದ್ರೆ ಮೊಲೆಗಂಟಿನಲ್ಲಿ ಸೂಜಿ ಇಷ್ಟೇ ಹೇಳೋದು ಅಜ್ಜಿ. ಮೊದಲು ಎದೆಯ ಎಕ್ಸ್‌ರೇ ಆಗಬೇಕು, ಶ್ವಾಸಕೋಶಕ್ಕೆ ಹೋಗಿದೆಯಾ ನೋಡೋದಕ್ಕೆ. ಹೋಗಿಲ್ಲ ಅಂದ್ರೆ ಎರಡೂ ಗಂಟು ತೆಗೆದು, ಫಾರ್ಮಲಿನ್‌ನಲ್ಲಿಟ್ಟು ಲ್ಯಾಬಿಗೆ ಕಳಿಸೋಣ. ನಾಯಿಗಳಲ್ಲಿ ಸುಮಾರು ಅರ್ಧ ಗಂಟುಗಳು ಕೆಟ್ಟವಲ್ಲ.”

“ಇನ್ನರ್ಧ?”

“ಅದಕ್ಕೇ ಕಾಯೋದು ಬೇಡ ಅಂತಿರೋದು.”

ಅಜ್ಜಿ ಟವೆಲ್ ಮಡಚುತ್ತ, ಮೊಮ್ಮಗ ತಂದ ಹೆಣ್ಣುಮರಿಯೊಂದು ಮನೆಯಲ್ಲಿದೆ ಎನ್ನುತ್ತಾರೆ. ಎಂಟು ತಿಂಗಳು. ಒಂದು ಸಲ ಮರಿ ಹಾಕಲಿ, ಆಮೇಲೆ ಆಪರೇಷನ್ ಮಾಡಿಸಿದರಾಯಿತು ಎಂದು ಮನೆಯವರ ಮಾತು. ಡಾಕ್ಟರಮ್ಮನ ಪೆನ್ನು ನಿಲ್ಲುತ್ತದೆ. ಕ್ಯಾಲಿಫೋರ್ನಿಯಾದ 1969ರ ಅಧ್ಯಯನವೊಂದನ್ನು ಪಶುವೈದ್ಯರೆಲ್ಲ ಓದಿರುತ್ತಾರೆ: ಮೊದಲ ಬೆದೆಗೆ ಮುಂಚೆ ಆಪರೇಷನ್ ಆದ ನಾಯಿಗೆ ಮೊಲೆಗಂಟಿನ ಅಪಾಯ, ಆಗದ ನಾಯಿಯ ಅಪಾಯದ 0.5%, ಒಂದು ಬೆದೆ ಕಳೆದರೆ 8%, ಎರಡು ಕಳೆದ ಮೇಲೆ 26%. ಈ ಅಂಕಿಗಳು ಎಷ್ಟು ಗಟ್ಟಿ ಎಂದು ಈಚೆಗೆ ಕೆಲವರು ತಕರಾರು ತೆಗೆದಿದ್ದಾರೆ. ಒಂದು ಸಲ ಮರಿ ಹಾಕಿದರೆ ಒಳ್ಳೆಯದೆಂಬ ಮಾತಿಗೆ ಮಾತ್ರ ಆಧಾರವೇ ಇಲ್ಲ.

“ಬೆದೆಗೆ ಬಂದಿದೆಯಾ ಅಜ್ಜಿ?”

“ಇನ್ನೂ ಇಲ್ಲಮ್ಮ.”

“ಹಾಗಾದ್ರೆ ಗುರುವಾರ ಜೂಲಿ ಜೊತೆ ಅದನ್ನೂ ಕರ್ಕೊಂಡು ಬನ್ನಿ. ಹಿಂದಿನ ರಾತ್ರಿ ಊಟ ಹಾಕಬೇಡಿ. ಮನೆಯವರಿಗೆ ನಾನು ಹೇಳಿದೆ ಅನ್ನಿ.”