ಬಾಗಿಲು ತೆರೆದ ಮೇಲೆ

2020ನೆಯ ಮಾರ್ಚಿ 25ರಂದು ದೇಶವೆಲ್ಲ ಬಾಗಿಲಿಕ್ಕಿದುದು ವಾಚಕರಿಗೆ ತಿಳಿದೇ ಇದೆ. ಜೂನ್ 8ರಿಂದ ಹೋಟೆಲುಗಳಲ್ಲಿ ಕುಳಿತುಣ್ಣಲು ಅಪ್ಪಣೆಯಾಯಿತು. ಅರ್ಧದಷ್ಟೇ ಆಸನಗಳು, ಆರಡಿಯ ಅಂತರ, ಬಾಗಿಲಲ್ಲಿ ಮೈಶಾಖದ ಪರೀಕ್ಷೆ, ಮುಖಕ್ಕೆ ವಸ್ತ್ರ: ಇವು ಅಂದಿನ ನಿಯಮಗಳು. ಇವನ್ನು ಹಲಗೆಯ ಮೇಲೆ ಅಂದವಾಗಿ ಬರೆದುಕೊಡಬೇಕೆಂದು ನಮ್ಮ ಬೀದಿಯ ಹೋಟೆಲಿನ ಯಜಮಾನರು ನನ್ನನ್ನು ಕೇಳಿದರು, ಬರೆದುಕೊಟ್ಟೆನು.

ಅವರು ದಿನಕ್ಕೆ ಮೂರಾವೃತ್ತಿ ಮೇಜುಗಳನ್ನು ಔಷಧಜಲದಿಂದ ಒರಸಿಸುತ್ತಿದ್ದರು. ಧೂಳಿಗಂಜಿ ಕಿಟಕಿಗಳನ್ನು ಮಾತ್ರ ಮುಚ್ಚಿಸಿದ್ದರು. ಈ ರೋಗವು ಗಾಳಿಯಾಡದ ಕೋಣೆಯಲ್ಲಿ ಉಸಿರಿನಿಂದಲೇ ಹೆಚ್ಚಾಗಿ ಹಬ್ಬುವುದೆಂದು ಎಲ್ಲರೂ ಒಪ್ಪಿದುದು ಬಹಳ ತಡವಾಗಿ. (ಮಡಿಯೆಂದರೆ ನೀರು ಸುರಿಯುವುದೇ ಎಂಬ ನಮ್ಮ ಹಳೆಯ ಭಾವನೆಯೂ ಇದಕ್ಕೆ ಒತ್ತಾಸೆಯಾಯಿತೋ ಏನೋ!)

ಆದರೆ ಹಲಗೆಯಲ್ಲಿಲ್ಲದ ವಿಷಯವೊಂದುಂಟು. ಬಡಿಸುವ ಹುಡುಗನೊಬ್ಬನು ಜ್ವರವನ್ನು ಮರೆಮಾಚಿ ಕೆಲಸಕ್ಕೆ ಬಂದನು. ಶಾಖ ನೋಡುವ ಯಂತ್ರವನ್ನು ಗಿರಾಕಿಗಳ ಹಣೆಗೆ ಹಿಡಿಯುತ್ತಿದ್ದರೇ ಹೊರತು ನೌಕರರ ಹಣೆಗಲ್ಲ. ಮನೆಯಲ್ಲುಳಿದರೆ ಅವನಿಗೆ ಕೂಲಿಯಿಲ್ಲ. ಅವನನ್ನು ಸುಳ್ಳುಗಾರನೆನ್ನಲು ನನಗೆ ಬಾಯಿ ಬಾರದು. ಯಜಮಾನರೊಡನೆ ಕುಳಿತು ಲೆಕ್ಕ ಹಾಕಿದೆನು: ಒಬ್ಬನಿಗೆ 14 ದಿನದ ಕೂಲಿ ಒಂದು ಕಡೆ, ಮತ್ತೆ ಬಾಗಿಲು ಮುಚ್ಚಿದರೆ 9 ಮಂದಿಯ ಅನ್ನ ಇನ್ನೊಂದು ಕಡೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹಣದ ಪೆಟ್ಟಿಗೆಯ ಬೀಗ ತೆಗೆದು, ಹುಡುಗನ ಮನೆ ಎಲ್ಲಿಯೆಂದು ಅಡಿಗೆಯವರನ್ನು ಕೇಳಿದರು.