ವಿಮಾನ ಉಳಿಯಿತು, ಅದರ ಮನೆ ಎಲ್ಲಿ?

ಹೋದ ತಿಂಗಳು ನಾವು ಮೂವರು ಗೆಳೆಯರು ಒಬ್ಬ ಅಜ್ಜಿಯನ್ನು ಕರೆದುಕೊಂಡು ಅಂಕೋಲಾದಿಂದ ಕಾರವಾರಕ್ಕೆ ಬಸ್ಸು ಹತ್ತಿದೆವು. ಅಜ್ಜಿ ನಮ್ಮಲ್ಲೊಬ್ಬರಿಗೆ ದೂರದ ಸಂಬಂಧ. ಸೀಬರ್ಡ್ ನೌಕಾನೆಲೆಗೆ ಊರು ಬಿಟ್ಟುಕೊಟ್ಟ ಮನೆಯವರು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಟಾಗೋರ್ ಕಡಲತೀರದಲ್ಲಿ ನಿಂತಿರುವ ದೊಡ್ಡ ವಿಮಾನವನ್ನು ಮೊಮ್ಮಕ್ಕಳ ಮೊಬೈಲಿನಲ್ಲಿ ನೋಡಿದ್ದರಂತೆ. ಕಣ್ಣಾರೆ ನೋಡಬೇಕು ಎಂಬ ಆಸೆ.

ವಿಮಾನ ನಿಜಕ್ಕೂ ದೊಡ್ಡದು. ಹೆಸರು ಟುಪೊಲೆವ್ ಟಿಯು-142. ಉದ್ದ ಸುಮಾರು 53 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 50 ಮೀಟರ್. ನಾಲ್ಕು ಎಂಜಿನ್, ಒಂದೊಂದಕ್ಕೂ ಎರಡೆರಡು ಪ್ರೊಪೆಲರ್, ಹಿಂದೆ ಮುಂದೆ ಜೋಡಿಸಿದ್ದು. ಸಮುದ್ರದ ಅಡಿಯಲ್ಲಿ ಅವಿತ ಜಲಾಂತರ್ಗಾಮಿಗಳನ್ನು ಹುಡುಕುವುದು ಇದರ ಕೆಲಸ. 1988ರಲ್ಲಿ ಸೋವಿಯತ್ ರಷ್ಯಾದಿಂದ ಇಂಥ ಎಂಟು ವಿಮಾನ ನಮ್ಮ ನೌಕಾಪಡೆಗೆ ಬಂದವು. 2017ರ ಮಾರ್ಚ್‌ನಲ್ಲಿ ನಿವೃತ್ತಿಯಾದವು. ಒಂದು ವಿಶಾಖಪಟ್ಟಣದ ಕಡಲತೀರಕ್ಕೆ ಹೋಯಿತು, ಇನ್ನೊಂದು ಬಿಡಿಬಿಡಿಯಾಗಿ ಕಾರವಾರಕ್ಕೆ ಬಂದು ಇಲ್ಲಿ ಮತ್ತೆ ಜೋಡಣೆಯಾಯಿತು.

ನಾವು ಇದನ್ನೆಲ್ಲ ಅಜ್ಜಿಗೆ ವಿವರಿಸುತ್ತಿದ್ದೆವು. ಪತ್ರಿಕೋದ್ಯಮ ಓದಿದವರಿಗೆ ಅದೊಂದು ಚಟ. ಅಜ್ಜಿ ರೆಕ್ಕೆಯ ನೆರಳಿನಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ಆಮೇಲೆ ಒಂದೇ ಮಾತು ಕೇಳಿದರು:

‘ಅಲ್ಲ ತಮಾ, ಇದ್ರ ಮನೆ ಎಲ್ಲದೆ?’

ನಮಗೆ ಮೊದಲು ನಗು ಬಂತು. ಆಮೇಲೆ ಮೂವರೂ ಫೋನು ತೆಗೆದು ಹುಡುಕಿದೆವು. ಮೊದಲ ಕೆಲವು ವರ್ಷ ಇದರ ಮನೆ ಗೋವಾದ ದಾಬೋಲಿಂ. ಕಾರವಾರದಿಂದ ಮಾಜಾಳಿ ದಾಟಿದರೆ ಗೋವಾ ಅಲ್ಲವೇ, ಆ ಕಡೆಯೇ. 1992ರ ನಂತರ ತಮಿಳುನಾಡಿನ ಅರಕ್ಕೋಣಂ. ಅಂದರೆ ಹಾರಿಸಿದವರು ಕೂತಿದ್ದ, ಲೆಕ್ಕ ಬರೆದ, ಎಲ್ಲಿಗೆ ಹೋಗಬೇಕೆಂದು ಗೆರೆ ಎಳೆದ ಕೋಣೆಗಳು ಅಲ್ಲಿ. ಇಲ್ಲಿರುವುದು ವಿಮಾನ ಮಾತ್ರ.

ಪಕ್ಕದಲ್ಲೇ ಐಎನ್‌ಎಸ್ ಚಪಲ್ ಹಡಗಿದೆ, ನಮ್ಮ ಜಿಲ್ಲೆಯ ಮಕ್ಕಳೆಲ್ಲ ಶಾಲೆಯ ಪ್ರವಾಸದಲ್ಲಿ ಹತ್ತಿ ಇಳಿದದ್ದು. ಚಿಕ್ಕವರಿದ್ದಾಗ ನಮಗೆ ಊರವರು ಹೇಳಿದ್ದು: ಇದು 1971ರ ಯುದ್ಧದಲ್ಲಿ ಕರಾಚಿಗೆ ಬೆಂಕಿ ಹಚ್ಚಿದ ಹಡಗು. ನಾವೂ ಹಾಗೇ ನಂಬಿ ನಿಬಂಧ ಬರೆದು ಅಂಕ ತಗೊಂಡವರು. ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ! 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಕ್ಷಿಪಣಿ ಬಿಟ್ಟದ್ದು ನಿಪಾತ್, ನಿರ್ಘಾತ್, ವೀರ್ ಎಂಬ ಬೇರೆ ದೋಣಿಗಳು. ಚಪಲ್ ಅದೇ ಜಾತಿಯದು, ಅಷ್ಟೇ. ಕಬ್ಬಿಣ ಉಳಿಸಿಕೊಂಡು ಕಥೆ ಕೈಬಿಟ್ಟರೆ ಹೀಗೇ ಆಗುವುದು. ಕಬ್ಬಿಣದ ಮೇಲೆ ಯಾವ ಕಥೆಯನ್ನಾದರೂ ಅಂಟಿಸಬಹುದು.

ಅಜ್ಜಿಯ ಪ್ರಶ್ನೆ ಬೆನ್ನು ಹತ್ತಿತು. ಯುದ್ಧ ನಡೆಸಿದ ಮನೆಗಳನ್ನು ಯಾರಾದರೂ ಉಳಿಸಿಕೊಂಡಿದ್ದಾರೆಯೇ? ಊರಿಗೆ ಬಂದ ಮೇಲೆ ಕೂತು ಓದಿದೆವು. ಉಳಿಸಿಕೊಂಡವರಲ್ಲಿ ಇಂಗ್ಲೆಂಡಿನವರು ಮುಂದೆ.

1940ರಲ್ಲಿ ಜರ್ಮನಿ ಇಂಗ್ಲೆಂಡಿನ ಮೇಲೆ ವಿಮಾನದ ದಂಡು ಕಳಿಸಿತು. ತಡೆದವರ ಮುಖ್ಯ ಕಚೇರಿ ಲಂಡನ್ ಹೊರವಲಯದ ಬೆಂಟ್ಲಿ ಪ್ರಯರಿ ಎಂಬ ಹಳೆಯ ಬಂಗಲೆ. ಅಲ್ಲಿನ ಮುಖ್ಯಸ್ಥ ಹ್ಯೂ ಡೌಡಿಂಗ್. ಕರಾವಳಿಯ ಉದ್ದಕ್ಕೂ ರಾಡಾರ್ ಕಂಬಗಳು. ಅವು ಕಂಡದ್ದೆಲ್ಲ ಫೋನಿನಲ್ಲಿ ಈ ಬಂಗಲೆಗೆ ಬರುತ್ತಿತ್ತು. ಅಲ್ಲಿ ಒಂದು ಕೋಣೆ, ಬಂದ ಸುದ್ದಿಯನ್ನು ಸೋಸುವುದಕ್ಕೇ ಮೀಸಲು. ಎರಡು ಕಂಬಗಳು ಒಂದೇ ದಂಡನ್ನು ಎರಡು ಎಂದು ಹೇಳಿವೆಯೇ? ನಮ್ಮದೇ ವಿಮಾನವನ್ನು ಶತ್ರು ಎಂದುಕೊಂಡಿದ್ದಾರೆಯೇ? ಬಲೆಗೆ ಬಂದದ್ದರಲ್ಲಿ ಮೀನು ಬೇರೆ ಕಸ ಬೇರೆ ಮಾಡುತ್ತೇವಲ್ಲ, ಹಾಗೆ. ಸೋಸಿದ ಸುದ್ದಿ ಅಲ್ಲಿಂದ ಬೇರೆ ಬೇರೆ ಗ್ರೂಪಿನ ಕೋಣೆಗಳಿಗೆ ಹೋಗುತ್ತಿತ್ತು. ಅಲ್ಲಿ ಮೇಜಿನ ಮೇಲೆ ದೊಡ್ಡ ನಕ್ಷೆ, ಸುತ್ತ ನಿಂತ ಹೆಣ್ಣುಮಕ್ಕಳು ಉದ್ದ ಕೋಲಿನಿಂದ ಬಿಲ್ಲೆ ಸರಿಸಿ ಶತ್ರು ಎಲ್ಲಿಗೆ ಬಂದ ಎಂದು ತೋರಿಸುತ್ತಿದ್ದರು.

ನಮಗೆ ಹಿಡಿಸಿದ್ದು ಇನ್ನೊಂದು ವಿಷಯ. ಆ ರಾಡಾರ್ ಕಂಬಗಳ ಕಣ್ಣು ಕಡಲ ಕಡೆಗೆ ಮಾತ್ರ. ಶತ್ರು ವಿಮಾನ ನೆಲದ ಮೇಲೆ ಬಂತೆಂದರೆ ನೋಡಬೇಕಾದವರು ಮನುಷ್ಯರೇ. ಗುಡ್ಡದ ಮೇಲೆ, ಗದ್ದೆಯ ಬದಿಯಲ್ಲಿ ದುರ್ಬೀನು ಹಿಡಿದು ಆಕಾಶ ಕಾಯುತ್ತಿದ್ದವರು ಬಹುಪಾಲು ಹಳ್ಳಿ, ಪೇಟೆಯ ಸಾಮಾನ್ಯ ಜನ. ದೊಡ್ಡ ಬಂಗಲೆಯ ಕಥೆಯೊಳಗೆ ಅವರ ಕಥೆಯೂ ಸೇರಿದೆ.

ಲಂಡನ್ ಪಕ್ಕದ ಅಕ್ಸ್‌ಬ್ರಿಜ್‌ನಲ್ಲಿ ಇಂಥದೇ ಒಂದು ಗ್ರೂಪಿನ ಕೋಣೆ ನೆಲದ ಅಡಿ 60 ಅಡಿ ಆಳದಲ್ಲಿದೆ. ಇಳಿಯಲು 76 ಮೆಟ್ಟಿಲು. ಮೇಜು, ನಕ್ಷೆ, ಬಿಲ್ಲೆ ಎಲ್ಲ 1940ರ ಸೆಪ್ಟೆಂಬರ್ 15ರ ದಿನ ಇದ್ದಂತೆ ಜೋಡಿಸಿದ್ದಾರೆ. ಈಗ ಅದನ್ನು ನಡೆಸುವುದು ಅಲ್ಲಿನ ಸ್ಥಳೀಯ ಆಡಳಿತ, ನಮ್ಮಲ್ಲಿ ನಗರಸಭೆ ಇದ್ದ ಹಾಗೆ.

ಎಲ್ಲ ಸಲೀಸಾಗಿ ಆಗಿದೆ ಎಂದೇನಲ್ಲ. ಬೆಂಟ್ಲಿ ಪ್ರಯರಿಯನ್ನು ವಾಯುಪಡೆ 2008ರಲ್ಲಿ ಖಾಲಿ ಮಾಡಿತು. ಬಂಗಲೆ, ಜಾಗ ಎರಡೂ ಕಟ್ಟಡ ಕಂಪನಿಯ ಪಾಲಾಗಿ ಬೆಲೆಬಾಳುವ ಮನೆಗಳಾದವು. ಹಳೆಯ ಸೈನಿಕರು, ಊರವರು ಪಟ್ಟುಹಿಡಿದದ್ದರಿಂದ ಡೌಡಿಂಗ್ ಕೂತಿದ್ದ ಕೋಣೆ ಮತ್ತು ಇನ್ನು ಕೆಲವು ಕೋಣೆಗಳು ಸೇರಿ 2013ರಲ್ಲಿ ಸಂಗ್ರಹಾಲಯವಾಯಿತು. ಅರ್ಧ ಮಾರಿ ಅರ್ಧ ಉಳಿಸಿದರು ಎಂದು ಬೈಯುವವರೂ ಇರಬಹುದು. ನಮಗಂತೂ ಅದು ಒಳ್ಳೆಯ ಚೌಕಾಸಿ ಎನಿಸಿತು.

ನಮ್ಮಲ್ಲಿ? ಅದೇ ಯುದ್ಧದ ಕಾಲಕ್ಕೆ, 1942ರಿಂದ, ದಕ್ಷಿಣ ಭಾರತದ ಆಕಾಶ ಕಾಯುತ್ತಿದ್ದ ಬ್ರಿಟಿಷ್ ವಾಯುಪಡೆಯ 225ನೇ ಗ್ರೂಪಿನ ಮುಖ್ಯ ಕಚೇರಿ ಬೆಂಗಳೂರಿನಲ್ಲಿತ್ತು. ನಮ್ಮಲ್ಲಿ ಇಬ್ಬರು ಬೆಂಗಳೂರಿನಲ್ಲೇ ಓದಿದವರು. ಅದು ಯಾವ ಬೀದಿ, ಯಾವ ಕಟ್ಟಡ ಎಂದು ಯಾರೂ ತೋರಿಸಲಿಲ್ಲ, ನಾವೂ ಕೇಳಲಿಲ್ಲ. ಎಚ್‌ಎಎಲ್‌ನವರು 2001ರಲ್ಲಿ ತೆರೆದ ಹಳೆಯ ವಿಮಾನಗಳ ಸಂಗ್ರಹಾಲಯಕ್ಕೆ ಮಾತ್ರ ಹೋಗಿದ್ದೆವು, ಫೋಟೋ ತೆಗೆದುಕೊಂಡು ಬಂದೆವು. ಅಲ್ಲೂ ನೋಡಿದ್ದು ವಿಮಾನವನ್ನೇ.

ಬೆಳಗಾವಿಯ ಸಾಂಬ್ರಾ ಹತ್ತಿರದ ಕಥೆ. 1961ರ ಡಿಸೆಂಬರ್ 18ರಂದು ಗೋವಾ ಬಿಡಿಸುವ ಕಾರ್ಯಾಚರಣೆ ಶುರುವಾದಾಗ ಸೇನೆಯ 17ನೇ ಡಿವಿಷನ್ ಜಮಾಯಿಸಿದ್ದು ಬೆಳಗಾವಿಯಲ್ಲಿ. ಸಾಂಬ್ರಾದಿಂದ ಹಂಟರ್ ವಿಮಾನಗಳು ಹಾರಿ ಬಾಂಬೋಲಿಂನ ರೇಡಿಯೊ ಕೇಂದ್ರ ಒಡೆದವು. ನಮ್ಮ ಮಾಜಾಳಿ ದಾರಿಯಿಂದಲೂ ಒಂದು ತುಕಡಿ ಒಳಗೆ ಹೋಯಿತು. ಅದೇ ಹೊತ್ತಿಗೆ ಕಾರವಾರದ ಎದುರಿನ ಅಂಜುದೀವ್ ದ್ವೀಪಕ್ಕೆ ಇಳಿದ ನೌಕಾಪಡೆಯವರಲ್ಲಿ ಏಳು ಮಂದಿ ಸತ್ತರು. ವಾಯುಪಡೆಯ ಹೊಣೆ ಹೊತ್ತವರು ಏರ್ ವೈಸ್ ಮಾರ್ಷಲ್ ಎರ್ಲಿಕ್ ಪಿಂಟೊ. ಅವರಿಗಿದ್ದ ಆದೇಶದಲ್ಲಿ ಒಂದು ಮಾತು ಚೆನ್ನಾಗಿದೆ: ದಾಬೋಲಿಂನ ಓಡುದಾರಿ ಒಡೆಯಬೇಕು, ನಿಲ್ದಾಣದ ಕಟ್ಟಡಕ್ಕೆ ಏಟು ಬೀಳಬಾರದು. ಬಾಂಬು ಹಾಕಲು ಹೊರಟವರಿಗೂ ಕಟ್ಟಡದ ಚಿಂತೆ ಇತ್ತು ನೋಡಿ. ಅದೇ ದಾಬೋಲಿಂ ಮುಂದೆ ಅಜ್ಜಿ ಕೇಳಿದ ವಿಮಾನದ ಮನೆಯಾಯಿತು.

ಸಾಂಬ್ರಾದಲ್ಲಿ ಈಗಲೂ ವಾಯುಪಡೆಯ ತರಬೇತಿ ಶಾಲೆ ನಡೆಯುತ್ತದೆ. ಬೇಕೆಂದಾಗ ಒಳಗೆ ಹೋಗಿ ನೋಡುವ ಜಾಗ ಅಲ್ಲ, ಅದು ಸರಿಯೇ. ಆದರೆ 1961ರಲ್ಲಿ ಆ ಊರಲ್ಲಿದ್ದವರು ಇವತ್ತು ಎಂಬತ್ತರ ಹತ್ತಿರ ಇದ್ದಾರೆ. ಮುಂಜಾನೆ ಯಾವ ಸದ್ದು ಕೇಳಿತು, ಯಾರ ಮನೆಯಲ್ಲಿ ಸೈನಿಕರು ನೀರು ಕುಡಿದರು ಎಂದು ಅವರನ್ನು ಕೇಳಲು ಯಾರ ಪರವಾನಗಿಯೂ ಬೇಕಿಲ್ಲ. ಮಾಜಾಳಿಯವರನ್ನು ಕೇಳಲೂ ಬೇಕಿಲ್ಲ.

ಈಗ ನಮ್ಮ ಬಾಗಿಲಿಗೇ ಬಂದಿರುವ ಮಾತು. ಅಂಕೋಲಾದ ಅಲಗೇರಿಯಲ್ಲಿ ನೌಕಾಪಡೆಯ ವಿಮಾನ ನೆಲೆ ಬರಲಿದೆ, ಜೊತೆಗೆ ಜನರ ವಿಮಾನ ನಿಲ್ದಾಣವೂ. ಅಲಗೇರಿ, ಬೇಲೆಕೇರಿ, ಭಾವಿಕೇರಿಯ ಜಮೀನು ಅದಕ್ಕೆ ಹೋಗುವುದು. ಪರಿಹಾರ, ಉದ್ಯೋಗ, ಯಾರಿಗೆ ಎಷ್ಟು ಎಂಬ ಜಗಳ ಬೇರೆ, ಅದನ್ನು ಇನ್ನೊಮ್ಮೆ ಬರೆಯುತ್ತೇವೆ. ಇಲ್ಲಿ ಹೇಳಬೇಕಾದದ್ದು ಇಷ್ಟು. ನಾಳೆ ಅಲ್ಲಿ ಎದ್ದು ನಿಲ್ಲುವ ಕಚೇರಿ, ಗೋಪುರಗಳು ಐವತ್ತು ವರ್ಷದ ಮೇಲೆ ಚಾರಿತ್ರಿಕ ಕಟ್ಟಡ ಎನಿಸಿಕೊಳ್ಳಬಹುದು, ಯಾರಾದರೂ ಪ್ರವಾಸ ಬರಬಹುದು. ಅದರ ಅಡಿಯಲ್ಲಿ ಯಾರ ಜಗಲಿ ಇತ್ತು, ಯಾವ ಬಾವಿ, ಯಾವ ಮಾವಿನ ಮರ, ಎಲ್ಲಿ ದೇವರ ಕಟ್ಟೆ ಎಂಬುದು ಆ ಪ್ರವಾಸಿಗೆ ಗೊತ್ತಾಗಬೇಕೋ ಬೇಡವೋ?

ಸೀಬರ್ಡ್ ವಿಷಯದಲ್ಲಿ ಅದು ಕೈ ತಪ್ಪಿದೆ ಎನ್ನುವುದು ನಮಗೆ ಬಸ್ಸಿನಲ್ಲೇ ತಿಳಿಯಿತು. 1986ರಲ್ಲಿ ಶಂಕುಸ್ಥಾಪನೆ, 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ. ನಡುವೆ 13 ಊರಿನವರು ಎದ್ದು ಹೋದರು. ವಾಪಸ್ ಬರುವಾಗ ಅಜ್ಜಿ ಕಿಟಕಿ ಪಕ್ಕ ಕೂತಿದ್ದರು. ಬಿಣಗಾ ದಾಟಿ ನೌಕಾನೆಲೆಯ ಗೋಡೆ ಶುರುವಾಯಿತು. ಅಜ್ಜಿ ಮಾತಾಡುತ್ತಿದ್ದವರು ಸುಮ್ಮನಾದರು. ಗೋಡೆಯ ಒಂದು ಕಡೆ ಬಂದಾಗ ಬೆರಳು ತೋರಿಸಿ ‘ಇಲ್ಲೇ ಒಳಗೆ’ ಎಂದರು. ಬಸ್ಸು ಮುಂದೆ ಹೋಯಿತು. ಸ್ವಲ್ಪ ಹೊತ್ತಿಗೆ ‘ಅಲ್ಲ, ಇಲ್ಲಾಗಿರೂಕೆ ಸಾಕು’ ಎಂದು ಇನ್ನೊಂದು ಕಡೆ ತೋರಿಸಿದರು. ಗೋಡೆ ಎಲ್ಲ ಕಡೆಯೂ ಒಂದೇ ಥರ. ಮನೆಯ ಒಂದು ಫೋಟೋವೂ ಅವರ ಹತ್ತಿರ ಇಲ್ಲ. ಆಗ ಯಾರ ಹತ್ತಿರ ಕ್ಯಾಮೆರಾ ಇತ್ತು?

ನಮ್ಮಲ್ಲೊಬ್ಬರು ಫೋನಿನ ರೆಕಾರ್ಡರ್ ಒತ್ತಿ ಅಜ್ಜಿಯ ಮಡಿಲಲ್ಲಿ ಇಟ್ಟರು. ಮನೆಗೆ ಎಷ್ಟು ಬಾಗಿಲು ಅಜ್ಜಿ ಎಂದು ಕೇಳಿದೆವು. ಅಂಕೋಲಾ ಬರುವ ತನಕ ಹೇಳಿದರು: ಪಡಸಾಲೆ, ಭತ್ತದ ಕಣಜದ ಕೋಣೆ, ಬಾಣಂತಿಯರ ಕತ್ತಲೆ ಕೋಣೆ, ಹಿತ್ತಿಲ ಬಾಗಿಲು, ಅಲ್ಲಿಂದ ಬಾವಿಗೆ ಎಷ್ಟು ಹೆಜ್ಜೆ. ಮನೆಗೆ ಬಂದು ಕಾಗದದ ಮೇಲೆ ಗೆರೆ ಎಳೆದು ತೋರಿಸಿದಾಗ ಬಚ್ಚಲನ್ನು ತಪ್ಪು ಕಡೆ ಹಾಕಿದ್ದೇವೆ ಎಂದು ಬೈದರು. ತಿದ್ದಿದೆವು.

ಇದೇ ಕೆಲಸವನ್ನು ಅಲಗೇರಿ ಕಡೆ ಶುರು ಮಾಡಿದ್ದೇವೆ. ಅಲ್ಲಿ ಇನ್ನೂ ಟೇಪು ಹಿಡಿದು ಅಳೆಯಲು ಗೋಡೆಗಳಿವೆ. ಭಾನುವಾರ ಬೆಳಿಗ್ಗೆ ಹೋಗುತ್ತೇವೆ, ಟೇಪಿನ ಒಂದು ತುದಿ ಹಿಡಿಯಲು ಜನ ಬೇಕು. ಮದುವೆಯ ಹಳೆಯ ಫೋಟೋಗಳಿದ್ದರೆ ತೆಗೆದಿಡಿ. ಮದುಮಕ್ಕಳ ಹಿಂದೆ ಮನೆಯ ಗೋಡೆ ಕಾಣುತ್ತದೆ.